ಭಾತಂಬ್ರಾಕ್ಕೆ ಟೆನ್ಶನ್ ಇಲ್ಲ

11 ಏಪ್ರಿಲ್ 2016, ಬೀದರ್

ಮತ್ತದೇ ಮೀಟಿಂಗ್. ಬರಗಾಲದ ಹೆಂಗಸರ ಟೆನ್ಶನ್ ಅಳೆಯುವುದು ಹೇಗೆ? ಉಗುಳು ತೆಗೆದು ಹಾರ್ಮೋನು ನೋಡೋಣ ಎಂದೆ. ನನ್ನ ಪಿಎಚ್.ಡಿ. ಗೈಡ್ ಶಿವರಾಜಪ್ಪ ಸರ್ ಮೂಗು ಮುರಿದರು. ಹಳ್ಳಿಯವರು ಹಲ್ಲಿಗೆ ತಂಬಾಕು ತಿಕ್ಕುತ್ತಾರೆ, ಉಗುಳು ಕೆಟ್ಟಿರುತ್ತದಂತೆ. ನಿಜ, ಔರಾದದಲ್ಲಿ ನಮ್ಮ ಅವ್ವನೂ ತಿಕ್ಕುತ್ತಾಳೆ. ಸರ್ ಬಾಯಿಂದ ಒಂದು ನಿಜ ಬಂತಲ್ಲ, ಅದೇ ದೊಡ್ಡದು. ಬಿ.ಪಿ.? ಪಟ್ಟಿ ಕಟ್ಟಿದರೆ ಹೆದರಿಯೇ ಏರುತ್ತದೆ. ನಾಡಿ? ನೀರು ಹೊತ್ತು ಬಂದವರದು ಓಡುತ್ತಲೇ ಇರುತ್ತದೆ. ಕೊನೆಗೆ ಗೆದ್ದದ್ದು ಬೆರಳಿನ ಬೆವರು ಅಳೆಯುವ ಮಷೀನು. ಮನಸ್ಸು ಕಲಕಿದರೆ ಬೆರಳು ಬೆವರುತ್ತದೆ, ಪರದೆಯಲ್ಲಿ ಗೆರೆ ಏರುತ್ತದೆ. ಗೆದ್ದ ಕಾರಣ? ಮಷೀನು ಆಗಲೇ ತಂದಾಗಿದೆ. ವಿಜ್ಞಾನವಂತೆ!

ಈ ಕೆಲಸಕ್ಕೆ ದುಡ್ಡು ಕೊಟ್ಟ ಟ್ರಸ್ಟಿನವರ ಹತ್ತಿರ ಇರುವುದು ಒಂದೇ ಗಾಡಿ — ಡಾಕ್ಟರು, ನಿದ್ದೆ ಗುಳಿಗೆ ಸಮೇತ. ಬೀದರ್ ಪೇಟೆಗೋ, ಭಾಲ್ಕಿ ತಾಲೂಕಿನ ಭಾತಂಬ್ರಾಕ್ಕೋ? ನಮ್ಮ ವರದಿಯಲ್ಲಿ ಟೆನ್ಶನ್ ಎಲ್ಲಿ ಜಾಸ್ತಿಯೋ ಅಲ್ಲಿಗೆ.

19 ಏಪ್ರಿಲ್, ಭಾತಂಬ್ರಾ

ಬೆರಳಿಗೆ ತಂತಿ ಕಟ್ಟುವ ಮೊದಲು ನೀರಿನಲ್ಲಿ ಕೈ ತೊಳೆಸಬೇಕು ಎಂದು ಮಷೀನಿನ ಪುಸ್ತಕದಲ್ಲಿದೆ. ಬರೆದ ಮಹಾನುಭಾವ ಇಲ್ಲಿಗೆ ಬರಲಿ! ಟ್ಯಾಂಕರ್ ಬಂದು ವಾರವಾಗಿದೆ. ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒರೆಸಿದೆ. ನನ್ನದೇ ಐಡಿಯಾ. ಸರ್ ಫೋನಿನಲ್ಲಿ "ಶಾಣ್ಯಾಕಿ ಇದ್ದಿ" ಎಂದರು. ಅವರು ಹೊಗಳಿದರೆ ಮೈ ಉರಿಯುತ್ತದೆ.

ಜಿಜಾಬಾಯಿ ಬಂದಳು. ಗಂಡ ಏಕನಾಥ ಪುಣೆಗೆ ದುಡಿಯಲು ಹೋದವ, ದೀಪಾವಳಿಯಿಂದ ಫೋನಿಲ್ಲ. ನಿದ್ದೆಯಿಲ್ಲ. ಎದೆ ಢವಢವ. ನೂರರಿಂದ ಏಳೇಳು ಕಳೆಯುತ್ತ ಬಾ ಎಂದೆ. ಟೆನ್ಶನ್ ಬರಿಸುವ ಪರೀಕ್ಷೆ ಇದು.

"ಲೆಕ್ಕ ಬಿಡ್ರಿ ಮೇಡಂ. ಗುಳಗಿ ಗಾಡಿ ಬರ್ತದೋ ಇಲ್ಲೋ, ಅದೊಂದ್ ಹೇಳ್ರಿ."

ಗೆರೆ ಅಲುಗಲಿಲ್ಲ.

6 ಮೇ, ಬೀದರ್

ಬೀದರಿನವರ ಗೆರೆ ಗುಡ್ಡ. ಭಾತಂಬ್ರಾದ್ದು ಚಪ್ಪಟೆ. ಸರ್‌ಗೆ ಹಬ್ಬ.

"ಕಷ್ಟ ಉಂಡ ಮಂದಿ ನೋಡು. ಗಟ್ಟಿ ಜೀವ. ಅವ್ರಿಗಿ ಟೆನ್ಶನ್ ತಟ್ಟಂಗಿಲ್ಲ."

ಏ.ಸಿ. ಕೆಳಗೆ ಕೂತು ಗಟ್ಟಿ ಜೀವವಂತೆ. ಥೂ.

ಅನುಮಾನ ಬಂದು ಪುಸ್ತಕದ ಮುಂದಿನ ಸಾಲು ಓದಿದೆ. ಸ್ಪಿರಿಟ್ ಕೂಡದು. ಚರ್ಮ ಒಣಗುತ್ತದೆ, ಮಷೀನಿಗೆ ಬೆವರು ಸಿಗುವುದಿಲ್ಲ. ಬೀದರಿನವರು ನಲ್ಲಿಯಲ್ಲಿ ಕೈ ತೊಳೆದಿದ್ದರು. ಶಾಣ್ಯಾಕಿಯಂತೆ ಶಾಣ್ಯಾಕಿ! ನಾಚಿಕೆಯಾಯಿತು.

ಸರ್ ಹತ್ತಿರ ಹೇಳಿದೆ. "ಈಗ ಹೇಳ್ತಿ ಏನ? ವರದಿ ಬರದ್ ಇಟ್ಟೇನಿ. ಹೋಗು, ಏರಿದ್ ಒಂದ್ ಗೆರಿ ತಂದ್ ತೋರ್ಸು, ನೋಡೂಣು."

8 ಮೇ, ಭಾತಂಬ್ರಾ

ಕೈ ತೊಳೆಸಲು ಬೀದರಿನಿಂದ ಎರಡು ಕ್ಯಾನ್ ಫಿಲ್ಟರ್ ನೀರು ತಂದೆ. ಇಳಿಸುತ್ತಿದ್ದಂತೆ ಜಿಜಾಬಾಯಿಯ ನೆರೆಮನೆಯ ಕುಲಸುಮಬೀ ಒಂದನ್ನು ಎತ್ತಿಕೊಂಡಳು.

"ಕೈ ತೊಳೀಲಾಕ? ಯಾ ಅಲ್ಲಾ! ತಲಿ ನೆಟ್ಟಗ ಅದ ಏನ್ರಿ ಮೇಡಂ?"

ನಗುತ್ತ ಮನೆಗೆ ಹೊತ್ತೊಯ್ದಳು. ಇನ್ನೊಂದು ಕ್ಯಾನೂ ಹಾಗೇ ಮಾಯ. ಜಿಜಾಬಾಯಿ ಒಬ್ಬಳೇ ತನ್ನ ಕೊಡದಿಂದ ಒಂದು ತಂಬಿಗೆ ತೆಗೆದು, ಎಮ್ಮೆಗೆ ನೀರಿಡುವ ತಗಡಿನ ಬುಟ್ಟಿಯ ಮೇಲೆ ಕೈ ತೊಳೆದಳು. ತಂತಿ ಕಟ್ಟಿದೆ. ಲೆಕ್ಕಕ್ಕೆ ಗೆರೆ ಸ್ವಲ್ಪ ಅಲುಗಿತು. ಗಂಡನ ಹೆಸರಿಗೆ ಇನ್ನು ಸ್ವಲ್ಪ. ಸರ್‌ಗೆ ಇದು ಸಾಲದು.

ತಂತಿ ಬಿಚ್ಚಲೆಂದು ಬೇಸರದಿಂದ ಏಳುವಾಗ ನನ್ನ ಕಾಲು ತಾಗಿ ಕೊಡ ಉರುಳಿತು. ನೀರೆಲ್ಲ ಮಣ್ಣಿಗೆ. ಗೆರೆ ಪರದೆ ದಾಟಿ ಮೇಲೆ ಹೋಯಿತು.

ಅವಳ ಮುಖದಲ್ಲಿ ಏನೂ ಇಲ್ಲ. "ಇರ್ಲಿ ಬಿಡ್ರಿ ಮೇಡಂ" ಎಂದಳು. ಸೆರಗಿನಿಂದ ಒದ್ದೆ ಮಣ್ಣು ಒತ್ತಿ, ಬುಟ್ಟಿಗೆ ಹಿಂಡಿದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

9 ಮೇ, ಬೀದರ್

ಗೆರೆ ತೋರಿಸಿ, ಕೊಡ ಉರುಳಿದ್ದು ಹೇಳಿದೆ. ಸರ್ ಕುರ್ಚಿಯಿಂದ ಎದ್ದೇಬಿಟ್ಟರು.

"ಭಾರಿ ಪರೀಕ್ಷಾ ಸಿಕ್ತಲ್ಲ! ಇದು ಇನ್ನೂ ಯಾರೂ ಮಾಡಿಲ್ಲ. ಆದ್ರ ಒಂದ್ ಗೆರಿ ಸಾಲಂಗಿಲ್ಲ. ಹತ್ ಮಂದೀದು ತಾ, ಗಾಡಿ ಭಾತಂಬ್ರಾಕ್ಕ ಅಂತ ಬರೀತೇನಿ."

"ಹ್ಯಾಂಗ್ ತರ್ಲಿ ಸರ್?"

"ಹ್ಯಾಂಗಂದ್ರ? ಎಲ್ಲಾರಿಗೂ ಒಂದೇ ಪರೀಕ್ಷಾ ಇರ್ಬೇಕು. ಕೊಡ ಉರುಳ್ಸು. ಮೊದ್ಲೇ ಹೇಳಬ್ಯಾಡ ಮತ್ತ, ಗೆರಿ ಏರಂಗಿಲ್ಲ."

ಬೀದರಿನವರಿಗೆ ಲೆಕ್ಕ, ಭಾತಂಬ್ರಾದವರಿಗೆ ನೀರು. ಇವನಿಗೆ ಡಾಕ್ಟರೇಟ್ ಕೊಟ್ಟವರನ್ನು ಹುಡುಕಿ ಹೊಡೆಯಬೇಕು. ಆಗಲ್ಲ ಎಂದೆ. ಹಾಗಾದರೆ ಗಾಡಿ ಬೀದರಿಗೆ ಎಂದರು.

12 ಮೇ, ಭಾತಂಬ್ರಾ, ಬೆಳಿಗ್ಗೆ

ಆಗಲ್ಲ ಎಂದವಳೇ ಮಷೀನು ಹೊತ್ತು ಬಂದಿದ್ದೇನೆ. ನಿನ್ನೆ ಟ್ಯಾಂಕರ್ ಬಂದಿದೆ. ಜಿಜಾಬಾಯಿಯೇ ಓಣಿ ತಿರುಗಿ ಎಲ್ಲರನ್ನೂ ಕರೆತಂದಿದ್ದಾಳೆ. ಕೈ ತೊಳೆಯಬೇಕಂತೆ, ಗಾಡಿ ಬರಬೇಕಾದರೆ ಮೇಡಂ ಹೇಳಿದ ಹಾಗೆ ಕೇಳಿ ಎಂದಿದ್ದಾಳಂತೆ. ಎಲ್ಲರೂ ತಮ್ಮ ತಮ್ಮ ಕೊಡ ತಂದಿದ್ದಾರೆ.

ಮೊದಲು ಕುಲಸುಮಬೀ. ಈ ಸಲ ನಗಲಿಲ್ಲ. ಕೈ ತೊಳೆದು, ಬೆರಳು ಚಾಚಿ ಕೂತಿದ್ದಾಳೆ. ತಂತಿ ಕಟ್ಟಿದ್ದೇನೆ. ಗೆರೆ ಸಮ ಇದೆ. ತುಂಬಿದ ಕೊಡ ನನ್ನ ಕಾಲಿನ ಪಕ್ಕದಲ್ಲೇ. ಉರುಳಿದರೆ ಗಾಡಿ, ಇಲ್ಲದಿದ್ದರೆ ಇಲ್ಲ. ನಾನು…