ಅಪ್ಪನ ಸಾವಿಗೆ ಕೊಟ್ಟ ತಾರು

ಕೂಡ್ಲಿಗಿ,
ಬುಧವಾರ, ೧೬ ಜುಲೈ ೨೦೨೫

ಅಕ್ಕ ಭಾಗ್ಯಳಿಗೆ ನಿನ್ನ ತಂಗಿ ಶಿವಗಂಗಾಳ ನಮಸ್ಕಾರ.

ಕುಶಲ ಕೇಳುವ ಮುಖ ನನಗಿಲ್ಲ. ಹನ್ನೆರಡು ವರ್ಷ ಮನೆಯಲ್ಲಿ ನಿನ್ನ ಹೆಸರೆತ್ತಿದವರ ಬಾಯಿ ಮುಚ್ಚಿಸಿದವಳು ನಾನೇ. ಲಕೋಟೆಯ ಮೇಲೆ ನನ್ನ ಅಕ್ಷರ ಕಂಡೊಡನೆ ನೀನು ಇದನ್ನು ಹರಿದೆಸೆದರೂ ಅದು ನ್ಯಾಯವೇ. ಹರಿಯುವ ಮೊದಲು ಒಂದು ಮಾತು ಓದಿಬಿಡು. ಅಪ್ಪ ಸತ್ತಾಗ ನಿನಗೆ ತಾರು ಬರಲೇ ಇಲ್ಲ. ನೀನು ಅಂದು ಹೇಳಿದ್ದು ನಿಜ. ಅದು ನನಗೆ ಗೊತ್ತಾದದ್ದು ಮೊನ್ನೆ ಸೋಮವಾರ ಬೆಳಿಗ್ಗೆ.

ನನ್ನ ಮಗಳು ಅರ್ಚನಾ ಈಗ ಏಳನೇ ತರಗತಿ. ಶಾಲೆಯ ಪ್ರಾರ್ಥನೆಯಲ್ಲಿ ದಿನಕ್ಕೊಂದು 'ಇಂದಿನ ದಿನ' ಓದುವ ಕೆಲಸ ಅವಳಿಗೆ ಅಂಟಿಕೊಂಡಿದೆ. ಬೇರೆ ಮಕ್ಕಳು ದೊಡ್ಡವರ ಜಯಂತಿಗಳನ್ನು ಓದಿದರೆ ಇವಳಿಗೆ ಬರೀ ಯಂತ್ರಗಳ ಹುಚ್ಚು. ಕಳೆದ ಗುರುವಾರ, ಸಮುದ್ರದಾಚೆಗೆ ಟಿವಿ ಚಿತ್ರ ದಾಟಿಸಿದ ಉಪಗ್ರಹ ಹಾರಿದ ದಿನ ಓದಿದಳು. ಮನುಷ್ಯ ಚಂದ್ರನ ಮೇಲೆ ಇಳಿದ ದಿನ ಈ ಸಲ ಭಾನುವಾರ ಬಂತಲ್ಲ ಎಂದು ವಾರದಿಂದ ಮುಖ ಊದಿಸಿಕೊಂಡಿದ್ದಾಳೆ. ಓದುವ ಮೊದಲು ನನ್ನ ಹೊಲಿಗೆ ಮಷೀನಿನ ಮುಂದೆ ನಿಂತು ಒಪ್ಪಿಸಬೇಕು, ನಾನು ತಲೆ ಆಡಿಸಬೇಕು. ಸೋಮವಾರವೂ ಹಾಗೇ ತಲೆ ಆಡಿಸುತ್ತಿದ್ದೆ.

ಅವಳು ಓದಿದ್ದು ಇಷ್ಟು: "ಇಂದು ಜುಲೈ ಹದಿನಾಲ್ಕು. ಎರಡು ಸಾವಿರದ ಹದಿಮೂರರಲ್ಲಿ ಇದೇ ದಿನ ನಮ್ಮ ದೇಶದ ಟೆಲಿಗ್ರಾಂ ಸೇವೆ, ಅಂದರೆ ತಾರು, ಕೊನೆಗೊಂಡಿತು."

ನಾನು ತಿದ್ದಲು ಹೋದೆ. ತಪ್ಪು ಬರೆದುಕೊಂಡಿದ್ದೀಯ, ನಿನ್ನಜ್ಜ ಹೋದದ್ದು ಅದೇ ವರ್ಷ ಆಗಸ್ಟ್ ಎರಡಕ್ಕೆ, ಆಗ ನಿಮ್ಮ ಮಾವ ಹೊಸಪೇಟೆಗೆ ಹೋಗಿ ತಾರು ಕೊಟ್ಟು ಬಂದಿದ್ದ ಎಂದೆ. ಅವಳು ಮೊಬೈಲಿನಲ್ಲಿ ತೋರಿಸಿದಳು. ಪುಸ್ತಕದಲ್ಲಿ ತೋರಿಸಿದಳು. ಕೊನೆಗೆ, ನಿಂತುಹೋದ ತಾರನ್ನು ಮಾವ ಎಲ್ಲಿ ಕೊಟ್ಟ ಎಂದು ಅವಳೇ ಕೇಳಿದಳು. ಕೈಯಲ್ಲಿದ್ದ ರವಿಕೆಗೆ ಒಂದು ತೋಳನ್ನು ಒಳಮುಖವಾಗಿ ಹೊಲಿದು ಮುಗಿಸಿದ್ದೆ.

ಅಕ್ಕ, ನೀನು ಮನೆ ಬಿಟ್ಟ ದಿನ ನೆನಪಿದೆಯಲ್ಲ. ಅಪ್ಪನಿಗೆ ಸೀರಿಯಸ್ ಎಂದು ಅವ್ವ ನಿನ್ನ ನರ್ಸಿಂಗ್ ಹಾಸ್ಟೆಲಿಗೆ ಸುಳ್ಳು ಫೋನ್ ಮಾಡಿಸಿದ್ದಳು. ನೀನು ಸೊಲ್ಲಾಪುರದಿಂದ ಉಟ್ಟ ಬಟ್ಟೆಯಲ್ಲಿ ಓಡಿ ಬಂದರೆ ಪಡಸಾಲೆಯಲ್ಲಿ ಅಪ್ಪ ಗಟ್ಟಿಮುಟ್ಟಾಗಿ ಕೂತಿದ್ದರು, ಪಕ್ಕದಲ್ಲಿ ಹರಪನಹಳ್ಳಿಯ ಗಂಡಿನ ಕಡೆಯವರು ಮಂಡಕ್ಕಿ ತಿನ್ನುತ್ತಿದ್ದರು. ನೀನು ಚಪ್ಪಲಿ ಕೂಡ ಬಿಡಲಿಲ್ಲ. "ಇನ್ನ ಮ್ಯಾಲೆ ಫೋನ್ ಮಾಡಿದ್ರ ನಾ ಬರಂಗಿಲ್ಲ. ಖರೇನಾ ಏನಾರ ಆದ್ರ ತಾರ್ ಕೊಡ್ರಿ. ತಾರ್ ಸುಳ್ಳು ಹೇಳಂಗಿಲ್ಲ" ಎಂದು ಹೊಸ್ತಿಲಲ್ಲೇ ತಿರುಗಿದೆ. ಕೊಟ್ಟೂರಿನ ಓಣಿ ಓಣಿಗೆ ಮೂವತ್ತೊಂದು ವರ್ಷ ತಾರು ಹಂಚಿದ ಮನುಷ್ಯನ ಮನೆಯಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ. ಅಪ್ಪನ ಸೈಕಲ್ ಕಂಡರೆ ಹೆಂಗಸರು ಒಲೆ ಬಿಟ್ಟು ಹೊರಗೆ ಬರುತ್ತಿದ್ದರು, ಅವರು ಬಾಯಿ ತೆರೆಯುವ ಮೊದಲೇ ಅಳುತ್ತಿದ್ದರು. ಅಪ್ಪ ಸಿಟ್ಟಿನಲ್ಲೂ ನಿನ್ನ ಮಾತು ಒಪ್ಪಿದರು. ಆಕೆಗೆ ಈ ಮನೆಯಿಂದ ಇನ್ನು ಯಾರೂ ಫೋನ್ ಮಾಡಕೂಡದು ಎಂದೂ ಹೇಳಿದರು.

ಅವರು ಹೋದ ದಿನ ನಾನು ಕೊಟ್ಟೂರಿನಲ್ಲೇ ಇದ್ದೆ, ಬಾಣಂತಿ. ಅರ್ಚನಾ ಹುಟ್ಟಿ ಮೂರು ವಾರ. ಕಿವಿಗೆ ಬಟ್ಟೆ ಕಟ್ಟಿಕೊಂಡು ಕತ್ತಲೆ ಕೋಣೆಯಲ್ಲಿ ಮಲಗಿದವಳಿಗೆ ಲೋಕದಲ್ಲಿ ಏನು ನಿಂತಿತು, ಏನು ನಡೆಯಿತು ಎಂದು ಹೇಗೆ ಗೊತ್ತಾಗಬೇಕು? ಅಪ್ಪನಿಗೆ ಲಕ್ವ ಹೊಡೆದ ಮೇಲೆ ಟಿವಿಯನ್ನೂ ಬಂದ್ ಮಾಡಿದ್ದೆವು. ಬೆಳಿಗ್ಗೆ ಅವರ ಉಸಿರು ನಿಂತೊಡನೆ ಅಣ್ಣ ಗುರುಬಸವರಾಜ ನಿನ್ನ ವಿಳಾಸದ ಚೀಟಿ ಜೇಬಿಗಿಟ್ಟುಕೊಂಡು ಹೊಸಪೇಟೆಗೆ ಗಾಡಿ ಹತ್ತಿದ; ಕೊಟ್ಟೂರಿನ ತಾರು ಕಿಟಕಿ ಎಂದೋ ಮುಚ್ಚಿತ್ತು. ಮಧ್ಯಾಹ್ನ ಬಂದವನು ಮೊದಲು ನನ್ನ ಕೋಣೆಯ ಬಾಗಿಲಿಗೆ ಬಂದು ಏನೋ ಕೇಳಿ ಹೋದ. ಆಮೇಲೆ ಪಡಸಾಲೆಗೆ ಹೋಗಿ, ತಾರು ಕೊಟ್ಟೆ, ಭಾಗ್ಯಕ್ಕ ಬರ್ತಾಳೆ ಎಂದು ಎಲ್ಲರಿಗೂ ಹೇಳಿದ. ನಿನಗಾಗಿ ಮರುದಿನ ಹತ್ತು ಗಂಟೆಯವರೆಗೂ ಮಣ್ಣು ತಡೆದರು. ಬಸ್ಸಿನ ಸದ್ದು ಕೇಳಿದಾಗಲೆಲ್ಲ ಅವ್ವ ಎದ್ದು ನಿಲ್ಲುತ್ತಿದ್ದಳು.

ನೀನು ಬಂದದ್ದು ಆಗಸ್ಟ್ ಇಪ್ಪತ್ತೈದಕ್ಕೆ, ನನ್ನ ಮಗಳಿಗೆ ಗುಲಾಬಿ ಬಣ್ಣದ ಫ್ರಾಕು ಹಿಡಿದುಕೊಂಡು, ನಗುತ್ತಾ. ಬಾಗಿಲಲ್ಲಿ ಮಾಲೆ ಹಾಕಿದ ಫೋಟೊ ನೋಡಿ ನೀನು ಹಾಗೇ ಗೋಡೆ ಹಿಡಿದುಕೊಂಡೆಯಂತೆ. ಹೆಣ್ಣು ಮಗು ಎಂದು ನಿನಗೆ ಯಾರು ಹೇಳಿದರು ಎಂದು ಆ ದಿನ ಯಾರೂ ಕೇಳಲಿಲ್ಲ. ನಾನು ಒಳಗಿನಿಂದಲೇ ಕೂಗಾಡಿದೆ. ಮಣ್ಣಿಗೆ ಬಾರದವಳು ತೊಟ್ಟಿಲಿಗೆ ಬಂದಳು ಎಂದೆ. ತಾರು ಬಂದಿಲ್ಲ ಎಂದು ನೀನು ಆಣೆ ಇಟ್ಟರೆ, "ಅಪ್ಪ ಹಂಚಿದ್ದರಾಗ ಒಂದ್ ತಾರ್ ತಪ್ಪಿಲ್ಲ, ನಿಂದೊಂದ ತಪ್ಪೇತೇನು? ನಿನಗ ಕರುಳ ಇಲ್ಲ" ಎಂದೆ. ನೀನು ಫ್ರಾಕನ್ನು ಹೊಸ್ತಿಲ ಮೇಲಿಟ್ಟು ಹೋದೆ. ಆ ಮಾತು ನೆನೆದರೆ ಈಗ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ನಿನ್ನೆ ಮೊದಲ ಬಸ್ಸಿಗೆ ಕೊಟ್ಟೂರಿಗೆ ಹೋದೆ. ಅಣ್ಣ ತನ್ನ ಅಂಗಡಿಯಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತುತ್ತಿದ್ದ. ಕೂರಲಿಲ್ಲ, ನೀರು ಕುಡಿಯಲಿಲ್ಲ, ನಿಂತಲ್ಲೇ ಕೇಳಿದೆ. ಅವನು ಸುತ್ತುವುದನ್ನು ನಿಲ್ಲಿಸಿದ. ಹನ್ನೆರಡು ವರ್ಷದಿಂದ ಈ ಪ್ರಶ್ನೆಗೆ ಕಾಯುತ್ತಿದ್ದವನಂತೆ ಒಂದೇ ಉಸಿರಿಗೆ ಹೇಳಿಬಿಟ್ಟ.

"ಹೊಸಪ್ಯಾಟಿಗೆ ಹೋದ್ರ ಕಿಟಕಿ ಮುಚ್ಚಿತ್ತು. ತಾರ್ ನಿಂತು ಇಪ್ಪತ್ತು ದಿನ ಆಗ್ತಾ ಬಂತು ಅಂದ್ರು. ಮನಿಯಾಗ ಹೆಣ ಐತಿ, ಅಪ್ಪಗಿಂತ ಮೊದಲ ಅಪ್ಪನ ತಾರ್ ಸತ್ತೇತಿ ಅಂತ ಅವ್ವಗ ಹೆಂಗ ಹೇಳ್ಲಿ? ಬರೋ ಮಂದಿ ಎಲ್ಲಾ ತಾರ್ ಕೊಟ್ಟಿಯೇನು, ಕೊಟ್ಟಿಯೇನು ಅಂತಿದ್ರು. ಹೂಂ ಅಂದೆ. ಅಂದಿದ್ದು ಅಂದಂಗ ಉಳೀತು."

ಅಪ್ಪನ ಹೆಣದ ಮಗ್ಗುಲಲ್ಲಿ ನಿಂತು ತಾರಿನ ಹೆಸರಲ್ಲಿ ಸುಳ್ಳು ಹೇಳಲು ನಾಲಗೆ ಹೇಗೆ ಬಂತು ಎಂದು ಬೈದೆ. ತಾರು ಇಲ್ಲದಿದ್ದರೆ ಫೋನ್ ಮಾಡಬೇಕಿತ್ತು, ಅಪ್ಪನ ಮಾತು ಅಪ್ಪನ ಜೊತೆಗೇ ಹೋಯಿತಲ್ಲ ಎಂದೆ. ಓಣಿಯವರು ನಿಂತು ನೋಡುವಷ್ಟು ಬೈದೆ. ಆಗ ಅವನು ತಲೆ ಎತ್ತಿ ನನಗೆ ಒಂದೇ ಒಂದು ಮಾತು ಕೇಳಿದ. ನಾನು ಉತ್ತರ ಕೊಡದೆ ಬಸ್‌ಸ್ಟ್ಯಾಂಡಿಗೆ ಬಂದುಬಿಟ್ಟೆ.

ಅವ್ವನಿಗೆ ನಿನ್ನೆ ಸಂಜೆ ಫೋನಿನಲ್ಲಿ ಎಲ್ಲ ಹೇಳಿದೆ. "ಹಂಗಾರ ಆಕಿ ಬರ್ತಿದ್ಲಲ್ಲ" ಎಂದಳು, ಅಷ್ಟೇ. ನಾನು ಫೋನ್ ಹಿಡಿದುಕೊಂಡೇ ಅತ್ತೆ.

ಆಗಸ್ಟ್ ಎರಡು ಈ ಸಲ ಶನಿವಾರ ಬರುತ್ತದೆ. ಅಪ್ಪನ ಗದ್ದಿಗೆಗೆ ನೀನು ಒಂದು ಹಿಡಿ ಮಣ್ಣು ಹಾಕುವುದು ಬಾಕಿ ಇದೆ. ಬಾ ಎನ್ನುವ ಅಧಿಕಾರ ನನಗಿಲ್ಲ, ಆದರೂ ಬಾ ಅಕ್ಕ. ಫೋನಿಗೆ ಬರುವುದಿಲ್ಲ ಎಂದವಳು ನೀನು. ತಾರು ಸತ್ತಿದೆ. ಅದಕ್ಕೇ ಕಾಗದ ಬರೆದಿದ್ದೇನೆ.

ನಿನ್ನ ಕ್ಷಮೆಗೆ ಕಾದಿರುವ ತಂಗಿ,
ಶಿವಗಂಗಾ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ಅಣ್ಣ ನಿನ್ನೆ ಕೇಳಿದ್ದು ಇದು: "ಅವತ್ತು ನಿನ್ನ ಬಾಗಲಿಗೆ ಬಂದು ಭಾಗ್ಯಕ್ಕನ ನಂಬರ್ ಐತೇನು ಅಂತ ಕೇಳಿದ್ನಲ್ಲ, ಏನಂದಿ?" ಇಲ್ಲ ಅಂದಿದ್ದೆ ಅಕ್ಕ. ಅಪ್ಪ ಬೇಡ ಎಂದ ಮೇಲೂ ನಾನು ಕದ್ದು ಮಾತಾಡುತ್ತಿದ್ದೆ ಎಂಬುದು ಅವರ ಹೆಣದ ಮುಂದೆ ಹೊರಬಿದ್ದರೆ ಎಂದು ಹೆದರಿದೆ. ತಾರು ಹೋಗಿದೆಯಲ್ಲ, ಹೇಗೂ ಬರುತ್ತಾಳೆ ಎಂದುಕೊಂಡೆ. ಹೆಣ್ಣು ಮಗು ಎಂದು ನಿನಗೆ ಪಿಸುಗುಟ್ಟಿದ್ದ ಅದೇ ಫೋನು ಆ ದಿನ ನನ್ನ ತಲೆದಿಂಬಿನ ಕೆಳಗಿತ್ತು, ನಿನ್ನ ನಂಬರು 'ದಾರದ ಅಂಗಡಿ' ಎಂಬ ಹೆಸರಿನಲ್ಲಿತ್ತು. ಮಗುವಿನ ಸುದ್ದಿಗೆ ನಂಬಿದ ನೀನು ಅಪ್ಪನ ಸುದ್ದಿಗೂ ನನ್ನನ್ನು ನಂಬುತ್ತಿದ್ದೆ. ನೀನು ಬಾಗಿಲಲ್ಲಿ ನಿಂತಾಗಲೂ ನನ್ನ ಹೆಸರು ಹೇಳಲಿಲ್ಲ. ನಾನು ಮಾತ್ರ ನಿನಗೆ ಕರುಳಿಲ್ಲ ಎಂದೆ.