ತುಟಿ ಆಡಿಸುವ ಪ್ರಾರ್ಥನೆ

ಗುರುವಾರ, 21 ನವೆಂಬರ್ 2024. ಬೀದರ.

ಹಲಬರ್ಗಾದ ಪ್ರಮಿಲಾ ಎಂಬ ತಾಯಿಯ ಎರಡು ಸಮೀಕ್ಷೆ ಫಾರ್ಮ್‌ಗಳು ಮಧ್ಯಾಹ್ನದಿಂದ ಮೇಜಿನ ಮೇಲೇ ಇವೆ. ಮಗಳನ್ನು ಮಿಷನ್ ಶಾಲೆಗೆ ಹಾಕುವಾಗ ಧರ್ಮದ ಯೋಚನೆ ಬರಲಿಲ್ಲವೇ ಎಂದು ಜೂನ್‌ನಲ್ಲಿ ನಾನೇ ಕೇಳಿದ್ದೆ. "ದೇವ್ರು ಯಾವ್ದಿದ್ರೇನ್ರಿ ಮೇಡಂ, ಪೋರಿಗಿ ಇಂಗ್ಲಿಷ್ ಬಂದ್ರ ಸಾಕ್ರಿ" ಎಂದು ನಕ್ಕು ಚಹಾ ಕೊಟ್ಟಿದ್ದರು. ತಾಳೆ ನೋಡಲೆಂದು ಈ ವಾರ ನನ್ನ ಸಹಾಯಕಿ ವೃಂದಾ ಅದನ್ನೇ ಕೇಳಿದರೆ, "ಪ್ರಾರ್ಥನಾದಾಗ ಬರೀ ತುಟಿ ಆಡ್ಸು, ಮನಸಿನಾಗ ನಮ್ಮ ದೇವ್ರನ್ನ ನೆನಿ ಅಂತ ಹೇಳೇ ಕಳಿಸ್ತೇನಿ" ಎಂದಿದ್ದಾರೆ.

ವೃಂದಾಗೆ ನಗು. "ಕೊಳ್ಳಾಗ ಶಿಲುಬಿ ಹಾಕ್ಕೊಂಡು, ದೇಬೋರಾ ಅಂತ ಹೆಸ್ರು ಹೇಳಿ ಕೂತ್ರ ನಿಮಗ ಖರೇ ಯಾರು ಹೇಳ್ತಾರ್ರಿ ಅಕ್ಕಾ?"

ಭಾಲ್ಕಿ, ಔರಾದ ಸೇರಿ ನೂರಾ ನಲವತ್ತು ಮನೆ. ಶಾಲೆ ಆರಿಸುವಾಗ ಧರ್ಮ ಅಡ್ಡ ಬರುವುದಿಲ್ಲ ಎಂಬ ನನ್ನ ಇಡೀ ಪ್ರಬಂಧ ಅವರ ಮಾತಿನ ಮೇಲೆ ನಿಂತಿದೆ. ಸೋಮವಾರ ವಿಚಾರ ಸಂಕಿರಣದಲ್ಲಿ ಓದಬೇಕು. ಅವರು ಹೇಳಿದ್ದು ನಿಜವೋ, ಮನೆಗೆ ಬಂದವಳಿಗೆ ತೋರಿದ ಮರ್ಯಾದೆಯೋ? ವೃಂದಾಗೆ ಹೇಳಿದ್ದಾದರೂ ನಿಜವೆಂದು ಹೇಗೆ ನಂಬಲಿ? ಅವಳಿಗೆ ಬೇಕಾದದ್ದನ್ನು ಅವಳಿಗೂ ಕೊಟ್ಟಿರಬಹುದು.

ನಾನೂ ಅಂಥದೇ ಶಾಲೆಯಲ್ಲಿ ಓದಿದವಳು. ಹಿಂದೂ ಗೆಳತಿ ಸಾನಿಕಾ ಹತ್ತು ವರ್ಷ ಪ್ರಾರ್ಥನೆಯಲ್ಲಿ ನನ್ನ ಪಕ್ಕದಲ್ಲೇ ನಿಲ್ಲುತ್ತಿದ್ದಳು. ಎಲ್ಲರೂ ಒಟ್ಟಿಗೇ ಪ್ರಾರ್ಥಿಸುತ್ತಿದ್ದೆವು ಎಂದು ಪ್ರಬಂಧದ ಮೊದಲ ಪುಟದಲ್ಲೇ ಬರೆದಿದ್ದೇನೆ. ಆದರೆ ಆ ಹೊತ್ತಿನಲ್ಲಿ ನಾನು ಒಮ್ಮೆಯೂ ಕಣ್ಣು ತೆರೆದು ಅವಳ ಕಡೆ ನೋಡಿದವಳಲ್ಲ.

ಅವಳ ನಂಬರ್ ಇದೆ. ಬೆಳಿಗ್ಗೆ ಕೇಳಬಹುದು. ಆದರೆ ಕೇಳುವವಳು ಮತ್ತೆ ನಾನೇ ತಾನೇ.