ಮಾವನ ಗಡ್ಡಕ್ಕೆ ಕೊಂಡ ಕತ್ತಿ

ಮಾವಾ,

ನಾನು, ನಿಮ್ಮ ಸೊಸೆ ಸಾವಿತ್ರಿ. ನೀವಿದ್ದಾಗ ನಿಮ್ಮ ಎದುರು ನಿಂತು ನಾಲ್ಕು ಮಾತು ಕೂಡಿಸಿ ಆಡಿದವಳಲ್ಲ, ಈಗ ಕಾಗದ ಬರೆಯೋಕೆ ಕೂತಿದ್ದೀನಿ. ನಗಬೇಡಿ. ಹಸುಗಳಿಗೆ ಹುಲ್ಲು ಹಾಕಿ ಆಯ್ತು, ನಿಮ್ಮ ಮಗ ಕಂಪನಿ ಬಸ್ಸು ಹತ್ತಿ ಹೋದರು. ನಿಮಗೆ ತಿಳಿಸಬೇಕಾದ ಸುದ್ದಿಯೊಂದಿದೆ. ಅದಕ್ಕೆ ಮುಂಚೆ ಆದದ್ದನ್ನೆಲ್ಲ ಒಂದು ಸಲ ನಿಮ್ಮ ಜೊತೆ ನೆನೆಸಿಕೊಳ್ಳಬೇಕು ಅನ್ನಿಸುತ್ತಿದೆ.

ಮುನಿಯಪ್ಪಣ್ಣ ಕ್ಷೌರಕ್ಕೆ ಅಂತ ಕೊನೇ ಸಲ ನಮ್ಮ ಜಗಲಿಗೆ ಬಂದ ಬೆಳಿಗ್ಗೆ ನೆನಪಿದೆಯಾ? ನಾನು ಈ ಮನೆಗೆ ಬಂದಾಗಿನಿಂದ ಅವರದೇ ಕೈ, ಅವರದೇ ಕತ್ತಿ. ಬೇಸಾಯದ ಮಾತು, ಕುರಿಯ ಮಾತು, ಊರ ಮಾತು ಎಲ್ಲ ನಿಮ್ಮಿಬ್ಬರಿಗೆ ಆಗಲೇ ಮುಗಿಯುತ್ತಿತ್ತು. ಅವತ್ತು ಮಾತ್ರ ಅವರು ಸುಮ್ಮನೆ ಕೆಲಸ ಮುಗಿಸಿ, ಕತ್ತಿ ಒರೆಸುತ್ತಾ ಅಂದರು, "ಗೌಡ್ರೆ, ನನ್ ಮಗ ಬಿಡದೀಲಿ ಕಂಪನಿ ಗೇಟ್ ತಾವ ಸಲೂನ್ ಇಕ್ಕವ್ನೆ. ಮನೇನೂ ಅಲ್ಲೇ ಮಾಡವ್ನೆ. ಇನ್ ಬರಕ್ಕಾಗಕಿಲ್ಲ." ನೀವು "ಹೋಗ್ಲಾ, ಮಕ್ಳು ಕರೆದಾಗ ಹೋಗ್ಬೇಕು" ಅಂದಿರಿ. ಅವರು ಹೋದಮೇಲೆ ಬಹಳ ಹೊತ್ತು ಕೆನ್ನೆ ಸವರಿಕೊಳ್ಳುತ್ತಾ ಕೂತಿದ್ದಿರಿ. ನಾನು ಬಾಗಿಲ ಹಿಂದಿನಿಂದ ನೋಡಿದ್ದೆ.

ನಿಮ್ಮ ಮಗ ನಿಮ್ಮನ್ನು ಬೈಕಲ್ಲಿ ಕೂರಿಸಿಕೊಂಡು ರಾಮನಗರದ ಸಲೂನಿಗೆ ಹೋದ ಭಾನುವಾರ... ಅಲ್ಲಿ ಯಾರೋ ಹುಡುಗ ಟಿವಿ ನೋಡುತ್ತಾ ಬ್ಲೇಡು ಎಳೆದನಂತೆ. ಕಿವಿಯ ಕೆಳಗಿನ ನರಹುಲಿ ಕುಯ್ಯಿಸಿಕೊಂಡು, ಶರಟಿನ ಕಾಲರೆಲ್ಲ ರಕ್ತ ಮಾಡಿಕೊಂಡು ಬಂದಿರಿ. ಆಮೇಲೆ ನಿಮ್ಮ ಮಗ ತಮ್ಮ ಪ್ಲಾಸ್ಟಿಕ್ ರೇಜರಿನಲ್ಲೇ ಒಂದು ಸಲ ಮಾಡಲು ನೋಡಿದರು. ಅವರಿಗೆ ದಿನಾ ಬೆಳಿಗ್ಗೆ ನಲ್ಲಿ ಹತ್ತಿರ ನಿಂತು ಗಡಿಬಿಡಿಯಲ್ಲಿ ಕೆರೆದುಕೊಂಡು ಅಭ್ಯಾಸ. ಗಡ್ಡ ಬಿಟ್ಟರೆ ಕಂಪನಿಯಲ್ಲಿ ಸೂಪರ್‌ವೈಸರ್ ಬಯ್ಯುತ್ತಾನೆ. ನಿಮ್ಮ ತಂತಿಯಂಥ ಗಡ್ಡ ಅದಕ್ಕೆ ಎಲ್ಲಿ ಬಗ್ಗಬೇಕು? "ಬುಡ್ಲಾ, ಕಿತ್ಕಂಡ್ ಬತ್ತೈತೆ" ಅಂತ ಎದ್ದುಬಿಟ್ಟಿರಿ. ಕೈ ನಡುಗುತ್ತಿದ್ದರಿಂದ ನೀವೇ ಮಾಡಿಕೊಳ್ಳುವ ಹಾಗೂ ಇರಲಿಲ್ಲ.

ಡೈರಿಯಿಂದ ಬಂದು ನೀವು ಹಾಲಿನ ಕ್ಯಾನನ್ನು ದಢಾರನೆ ಕೆಳಗಿಟ್ಟದ್ದು ಅದಾದ ಕೆಲವು ವಾರಕ್ಕೆ. ನಿಮ್ಮ ಗಡ್ಡ ನೋಡಿ ಯಾರೋ ಆಚೆ ಊರಿನವರು "ಯಾರ್ ಹೋದ್ರು ಗೌಡ್ರೆ, ಸೂತ್ಕವಾ?" ಅಂತ ಕೇಳಿದರಂತೆ. ಮಾರನೇ ದಿನದಿಂದ ಹಾಲು ಹಾಕೋಕೆ ನಾನೇ ಹೋಗಬೇಕಾಯ್ತು. ಹೊಲಕ್ಕೆ ಹಿತ್ತಲಿನಿಂದಲೇ ಹೋಗಿ ಬರುತ್ತಿದ್ದಿರಿ. ಯಾರಾದರೂ ಬಂದರೆ ಟವೆಲ್ ಮುಖದ ಮೇಲೆ ಎಳೆದುಕೊಂಡು ಮಲಗಿದ ಹಾಗೆ ಮಾಡುತ್ತಿದ್ದಿರಿ. ಊರಿನ ಯಜಮಾನ್ಕೆ ಮಾಡಿದವರು ಮುಖ ಮುಚ್ಚಿಕೊಂಡು ಕೂತರೆ, ನೋಡುವವರಿಗೆ ಹೇಗಿರುತ್ತೆ ಹೇಳಿ?

ತವರಿಗೆ ಹೋಗಿ ಬರ್ತೀನಿ ಅಂತ ನಾನು ಬೆಳಿಗ್ಗೆ ಬಸ್ಸು ಹತ್ತಿದೆನಲ್ಲ, ಮೊದಲು ಇಳಿದದ್ದು ಬಿಡದಿಯಲ್ಲಿ. ಮುನಿಯಪ್ಪಣ್ಣ ಮಗನ ಅಂಗಡಿ ಪಕ್ಕದ ಮೆಟ್ಟಿಲ ಮೇಲೆ ಕೂತಿದ್ದರು. ಒಂದು ಸಲ ಬಂದು ಹೋಗಿ ಅಂದೆ.

"ಒಂದ್ ಸಲ ಬತ್ತೀನಿ ಕಣವ್ವ, ಆಮ್ಯಾಕೆ? ಗಡ್ಡ ಮತ್ತೆ ಬೆಳೀತದಲ್ಲ. ಮಂಡಿ ನೋವು, ಪದೇ ಪದೇ ಬಸ್ಸು ಹತ್ತಕ್ಕಾಗಕಿಲ್ಲ."

"ಹಂಗಾದ್ರೆ ನಂಗೇ ಕಲ್ಸಿಕೊಡಣ್ಣ."

ಅವರು ನನ್ನ ಮುಖವನ್ನೇ ನೋಡಿದರು. "ನಿಮ್ ಮನೇಲಿ ಒಪ್ತಾರಾ?"

"ಕೇಳಿಲ್ಲ" ಅಂದೆ.

ಅವರು ಎದ್ದು ಒಳಗೆ ಹೋಗಿ ಶರಟು ಬದಲಾಯಿಸಿಕೊಂಡು ಬಂದರು. "ನನ್ ಕತ್ತಿ ತೇದು ತೇದು ಕಡ್ಡಿ ಆಗೈತೆ, ಹೊಸಬ್ರ ಕೈಗೆ ಆಗಕಿಲ್ಲ. ನಡಿ, ರಾಮನಗರಕ್ಕೆ ಹೋಗವ" ಅಂದರು.

ರಾಮನಗರದಲ್ಲಿ ಕ್ಷೌರದ ಸಾಮಾನು ಮಾರುವ ಅಂಗಡಿಯ ಸಾಬರು ಕತ್ತಿ ಅಂದ ತಕ್ಷಣ ಬ್ಲೇಡು ಸಿಕ್ಕಿಸುವ ಹೊಸ ಥರದ್ದನ್ನೇ ಸಾಲಾಗಿ ಇಟ್ಟರು. ಈಗ ಎಲ್ಲ ಸಲೂನಿನಲ್ಲೂ ಅದೇ ಅಂತೆ. ಒಬ್ಬರಿಗೆ ಹಾಕಿದ್ದನ್ನು ಇನ್ನೊಬ್ಬರಿಗೆ ಹಾಕಬಾರದು ಅಂತ ಜನಕ್ಕೆ ಏಡ್ಸ್ ಭಯ. "ಇವರ ಮನೇಲಿ ಒಂದೇ ಮುಖ ಸಾಬ್ರೆ, ಹಳೇದೇ ಕೊಡಿ" ಅಂದರು ಮುನಿಯಪ್ಪಣ್ಣ. ಸಾಬರು ಸ್ಟೂಲು ಹತ್ತಿ, ಮೇಲಿನಿಂದ ಎಣ್ಣೆ ಕಾಗದದಲ್ಲಿ ಸುತ್ತಿದ್ದ ಒಂದಿಷ್ಟು ಕತ್ತಿ ಇಳಿಸಿ, "ಕೇಳೋರೇ ಇಲ್ಲಮ್ಮ, ಇಟ್ಟಲ್ಲೇ ಇದಾವೆ" ಅಂದರು.

ನಾನು ಹೊಳೆಯುವ ಹಿಡಿ ಇದ್ದುದಕ್ಕೆ ಕೈ ಹಾಕಿದೆ. ಮುನಿಯಪ್ಪಣ್ಣ ಅದನ್ನು ತೆಗೆದುಕೊಂಡು ಗಾಜಿನ ಮೇಲೆ ಮಲಗಿಸಿ ಬೆರಳಲ್ಲಿ ಒತ್ತಿದರು. ಟಕಟಕ ಅಂತು. "ಸೊಟ್ಟ ಐತೆ, ಯಾವ ಕಲ್ಲಲ್ಲಿ ತೇದ್ರೂ ಬಾಯಿ ಹರಿತ ಆಗಕಿಲ್ಲ" ಅಂತ ಪಕ್ಕಕ್ಕಿಟ್ಟರು. ಇನ್ನೊಂದು ಮಡಚಿದಾಗ ಹಿಡಿಗೆ ತಾಗುತ್ತಿತ್ತು. ಒಂದು ತೀರಾ ಅಗಲ, ಮೂಗಿನ ಕೆಳಗೆ ಹೋಗೋದಿಲ್ಲವಂತೆ. ಕೊನೆಗೆ ಕಪ್ಪು ಹಿಡಿಯದೊಂದನ್ನು ನನ್ನ ಅಂಗೈ ಮೇಲಿಟ್ಟರು. ತುದಿ ಚೂಪಾಗಿರಲಿಲ್ಲ, ದುಂಡಗಿತ್ತು. "ಮೊದಲ ಕೈಗೆ ದುಂಡೇ ಇರ್ಬೇಕು, ಚುಚ್ಚಕಿಲ್ಲ. ಭಾರ ನೋಡು. ಕತ್ತಿ ಭಾರವೇ ಕೆಲಸ ಮಾಡ್ತದೆ, ನೀನ್ ಒತ್ತಂಗಿಲ್ಲ." ಕತ್ತಿ ಸವರೋಕೆ ಒಂದು ಚರ್ಮದ ಪಟ್ಟಿ, ಸೋಪು, ಗಾಯಕ್ಕೆ ಉಜ್ಜುವ ಪಟಿಕದ ಕಲ್ಲು, ಒಂದು ಬ್ರಷ್ಷು ತಗೊಂಡ್ವಿ. ಸಾಣೆಕಲ್ಲು ಬೇಡ ಅಂದರು. ಬಾಯಿ ಮೊಂಡಾದಾಗ ಬಿಡದಿಗೆ ತಾ, ಅದು ಮಾತ್ರ ನನ್ನ ಕೆಲಸ ಅಂದರು. ಮುಖ ಮಾತ್ರ ಇನ್ನು ಮೇಲೆ ನಿನ್ನ ಕೆಲಸ ಅಂತ ಅವರು ಹೇಳದಿದ್ದರೂ ನನಗೆ ಕೇಳಿಸಿತು.

ನಮ್ಮಣ್ಣ ಆ ಬ್ರಷ್ಷು ನೋಡಿ ನಕ್ಕದ್ದು ನಿಮಗೆ ಹೇಳಿರಲಿಲ್ಲ. ಅಲ್ಲಿಂದ ನಿಜವಾಗಿಯೂ ತವರಿಗೇ ಹೋಗಿದ್ದೆ, ಚನ್ನಪಟ್ಟಣಕ್ಕೆ. ಅಣ್ಣ ಬೊಂಬೆ ಕಡೆಯುವವನು, ಯಾವ ಹಿಡಿ ಕಂಡರೂ ತಪ್ಪು ಹುಡುಕುತ್ತಾನೆ. "ನಡುಗೋ ಕೈಗೆ ಈ ಪೆನ್ಸಿಲ್ ಕೊಡ್ತೀಯಾ?" ಅಂತ ಪ್ಲಾಸ್ಟಿಕ್ ಹಿಡಿ ಕಿತ್ತು ಹಾಕಿ, ಹಾಲೆ ಮರದಲ್ಲಿ ಕೈತುಂಬ ಸಿಗುವ ಹಿಡಿ ಕಡೆದು, ಕೆಂಪು ಹಳದಿ ಅರಗು ಹಚ್ಚಿ ಕೂದಲು ಕೂರಿಸಿದ. ನೊರೆ ಹಚ್ಚಿಕೊಳ್ಳೋಕೆ ಅದನ್ನು ಮೊದಲ ಸಲ ಹಿಡಿದಾಗ ನೀವು "ಏನವ್ವ ಇದು, ಮಗೀನ ಗಿಲಕಿ ಇದ್ದಂಗೈತೆ" ಅಂದಿರಿ. ಆದರೆ ಕೆಳಗಿಡಲಿಲ್ಲ.

ಸೋರೆಕಾಯಿ ಸಾರಿನ ದಿನಗಳು ನೆನೆದರೆ ಈಗಲೂ ನಗು ಬರುತ್ತೆ. ಎಳೇ ಸೋರೆಕಾಯಿ ಮೇಲೆ ಸಣ್ಣ ಕೂದಲಂಥ ಸುಂಕು ಇರುತ್ತಲ್ಲ, ಅದಕ್ಕೆ ನೊರೆ ಹಚ್ಚಿ, ಸಿಪ್ಪೆ ಗಾಯವಾಗದ ಹಾಗೆ ತೆಗಿ ಅಂದಿದ್ದರು ಮುನಿಯಪ್ಪಣ್ಣ. ಹಿತ್ತಲಲ್ಲಿ ಕೂತು ಅದೇ ಮಾಡಿದೆ. ಗಾಯವಾದ ಕಾಯೆಲ್ಲ ತೊಳೆದು ಸಾರಿಗೆ. ಒಂದು ದಿನ ನೀವು ಮುದ್ದೆ ಮುರಿಯುತ್ತಾ, "ಇನ್ನೆಷ್ಟ್ ಕಾಯಿಗೆ ಕ್ಷೌರ ಆಗ್ಬೇಕವ್ವ, ನನ್ ಸರದಿ ಬರಕ್ಕೆ?" ಅಂದಿರಿ. ಸಾರು ಬಡಿಸುತ್ತಿದ್ದ ಸೌಟು ನನ್ನ ಕೈಯಿಂದ ಜಾರಿತು. ನೋಡಿಬಿಟ್ಟಿದ್ದಿರಿ!

ನೀವು ಕುರ್ಚಿ ಎಳೆದು ಜಗಲಿಯ ಬಿಸಿಲಿಗೆ ಹಾಕಿಕೊಂಡ ಆ ಬೆಳಿಗ್ಗೆ... ನೊರೆ ನೀವೇ ಹಚ್ಚಿಕೊಂಡಿರಿ, ಅರ್ಧ ಮೂಗಿಗೆ, ಅರ್ಧ ಕಿವಿಗೆ. ನಾನು ಸೆರಗು ಸಿಕ್ಕಿಸಿಕೊಂಡು ಕತ್ತಿಯನ್ನು ಪಟ್ಟಿಗೆ ಸವರಿ ಬಂದೆ. ಆದರೆ ಕೈ ಮುಂದೆ ಹೋಗಲಿಲ್ಲ ಮಾವ. ಈ ಮನೆಗೆ ಬಂದಮೇಲೆ ನಾನು ನಿಮ್ಮನ್ನು ಮುಟ್ಟಿದ್ದು ಕಾಲಿಗೆ ಬಿದ್ದಾಗ ಮಾತ್ರ. ಕೆನ್ನೆ ಎಳೆದು ಹಿಡಿಯದೆ ಕತ್ತಿ ಹಾಕುವ ಹಾಗಿಲ್ಲ, ಹಿಡಿಯೋದು ಹೇಗೆ? ನಿಮಗೆ ಗೊತ್ತಾಯ್ತೋ ಏನೋ, ಕಣ್ಣು ಮುಚ್ಚಿಕೊಂಡು, "ಹೆದರಬ್ಯಾಡ ಕಣವ್ವ. ಕುಯ್ದ್ರೆ ಕುಯ್ಲಿ. ನನ್ಗಿನ್ನ ಹೆಣ್ ನೋಡಕ್ಕೆ ಹೋಗದೇನಿಲ್ಲ" ಅಂದಿರಿ. ನಗುತ್ತಲೇ ಹೆಬ್ಬೆರಳು ನಿಮ್ಮ ಕೆನ್ನೆಗೆ ಇಟ್ಟೆ. ಗದ್ದದ ಹತ್ತಿರ ಒಂದು ಕಡೆ ಕುಯ್ದಿತು. ನೀವು ಪಟಿಕಕ್ಕೆ ಕೈ ಚಾಚಿದಿರಿ, ಅಷ್ಟೇ. ಮಾರನೇ ಬೆಳಿಗ್ಗೆ ಹಾಲಿನ ಕ್ಯಾನು ನಿಮ್ಮ ಕೈಯಲ್ಲಿತ್ತು.

ನಿಮ್ಮ ಮಗ ಊರಿನ ಮಾತು ಹೊತ್ತುಕೊಂಡು ಬಂದ ದಿನ ಮಾತ್ರ ನನಗೆ ನಿಜಕ್ಕೂ ಭಯವಾಗಿತ್ತು. ಡೈರಿಯಲ್ಲಿ ನೀವೇ ಎಲ್ಲರಿಗೂ "ನನ್ ಸೊಸೆ ಮಾಡಿದ್ದು" ಅಂತ ಹೇಳಿಕೊಂಡು ಬಂದಿದ್ದಿರಂತೆ. ಬಸ್ಸಲ್ಲಿ ಇವರನ್ನು ಹುಡುಗರು ಆಡಿಕೊಂಡರಂತೆ, ನಿಮ್ಮನೇಲೂ ಸಲೂನ್ ಓಪನ್ ಆಯ್ತಾ ಅಂತ. ಬಂದವರೇ ನನ್ನ ಕೈಯಿಂದ ಕತ್ತಿ ಕಿತ್ತುಕೊಂಡರು. "ಗೌಡ್ರ ಮನೆ ಹೆಂಗ್ಸು ಮಾಡೋ ಕೆಲಸವಾ ಇದು? ನಾನ್ ತಲೆ ಎತ್ಕಂಡ್ ತಿರುಗೋದು ಬ್ಯಾಡ್ವಾ?"

ನೀವು ಜೋರು ಮಾಡಲಿಲ್ಲ. ಕುರ್ಚಿಯಲ್ಲಿ ನೊರೆ ಮುಖದಲ್ಲೇ ಕೂತಿದ್ದಿರಿ. "ಸರಿ ಕಣಪ್ಪ. ಅವ್ಳು ಬ್ಯಾಡ. ನೀನ್ ಮಾಡು ಬಾ."

ಅವರು ಕತ್ತಿ ಬಿಚ್ಚಿದರು. ಹತ್ತಿರ ಬಂದರು. ನೀವು ಕತ್ತು ಮೇಲೆ ಮಾಡಿ ಕಾದಿರಿ. ಕಂಪನಿಯಲ್ಲಿ ಮೆಷಿನ್ ನಡೆಸುವ ಆ ಕೈ ನಿಮ್ಮ ಗಂಟಲಿನ ಹತ್ತಿರ ಬಂದು ನಿಂತೇ ಹೋಯ್ತು. ಬೆವರುತ್ತಿದ್ದರು, ಪಾಪ. "ಅಪ್ಪಾ..." ಅಂದರು. ಕತ್ತಿಯನ್ನು ತಿರುಗಿಸಿ, ಹಿಡಿ ನನ್ನ ಕಡೆ ಮಾಡಿ ಕೊಟ್ಟು, ಅಲ್ಲೇ ಜಗಲಿ ಮೇಲೆ ಕೂತು ಕೊನೇವರೆಗೂ ನೋಡಿದರು. ಆಮೇಲೆ ಆ ಮಾತು ಈ ಮನೆಯಲ್ಲಿ ಬರಲಿಲ್ಲ.

ನೀವು ಹೋದ ದಿನ ಸ್ನಾನ ಮಾಡಿಸಿದವರು "ಮುಖ ಎಷ್ಟ್ ನುಣ್ಣಗೈತೆ" ಅಂದರು. ಹಿಂದಿನ ದಿನವೇ ಆಗಿತ್ತಲ್ಲ. ಮಲಗಿದಲ್ಲೇ ಹೋದಿರಿ, ಯಾರಿಗೂ ಕಷ್ಟ ಕೊಡಲಿಲ್ಲ. ನಾನು ಅಳಲಿಲ್ಲವಾ ಅಂತ ಕೇಳ್ತೀರಾ ಮಾವ? ಅತ್ತೆ. ಕಾಲ ಹತ್ತಿರ ಅಲ್ಲ, ತಲೆಯ ಹತ್ತಿರ ಕೂತು ಅತ್ತೆ.

ಇನ್ನು ಸುದ್ದಿ. ಸುಗ್ಗಿ ಮುಗಿದಮೇಲೆ, ನೀವು ಕಳಿಸುತ್ತಿದ್ದ ಹಾಗೆಯೇ ಮುನಿಯಪ್ಪಣ್ಣನ ಮನೆಗೆ ಹೊಸ ರಾಗಿ ತಗೊಂಡು ಬಿಡದಿಗೆ ಹೋಗಿದ್ದೆ. ಸುಮ್ಮನಿಟ್ಟರೆ ತುಕ್ಕು ಹಿಡಿಯುತ್ತೆ ಅಂತ ಕತ್ತಿಯನ್ನೂ ಸಾಣೆಗೆ ಒಯ್ದಿದ್ದೆ. ಹೋಗಿ ನೋಡಿದರೆ ಅವರು ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದರು, ಮೂಳೆ ಸೊಟ್ಟಗೆ ಕೂಡಿತ್ತು. ಲೋಟ ಹಿಡಿಯೋದೇ ಕಷ್ಟ. ಮುಖದ ತುಂಬ ಬಿಳೀ ಗಡ್ಡ.

"ಮಗ ಮಾಡಲ್ವಾ ಅಣ್ಣ?"

"ಮಾಡ್ತಾನೆ ಕಣವ್ವ, ಕರೀತಾನೆ. ಶಿಫ್ಟ್ ಬುಟ್ಟಾಗ ಹುಡುಗ್ರು ಬಾಗ್ಲಾಚೆಗಂಟ ನಿಂತಿರ್ತಾರೆ. ಅವರ ಮಧ್ಯ ಹೋಗಿ ಕೂರಕ್ಕೆ ನಂಗೇ ಒಂಥರ."

ಸಾಣೆಕಲ್ಲು ಇಳಿಸಿ, ಅವರು ಹೇಳಿದ ಹಾಗೆ ನಾನೇ ತೇದೆ. ಕಣ್ಣು ಮುಚ್ಚಿ ಸದ್ದು ಕೇಳುತ್ತಿದ್ದರು. "ಈಗ ಸರಿಯಾಯ್ತು" ಅಂದರು. ನಾನು ಬಿಸಿನೀರು ಕೇಳಿದೆ. ಯಾಕೆ ಅಂತ ಅವರಿಗೆ ತಕ್ಷಣ ತಿಳಿಯಲಿಲ್ಲ. ತಿಳಿದಾಗ "ಬ್ಯಾಡ ತಾಯಿ, ಗೌಡ್ರಿಗೆ ಮಾಡಿದ್ ಕೈ" ಅಂತ ಗಾಬರಿಯಾಗಿ ನೆಲದ ಮೇಲೆ ಕೂತುಬಿಟ್ಟರು.

"ಮೇಲೆ ಕೂತ್ಕಳಣ್ಣ. ನೆಲದ ಮೇಲೆ ಕೂತ್ರೆ ನಂಗೆ ಸೊಂಟ ನೋವು" ಅಂದೆ. ನಿಧಾನಕ್ಕೆ ಎದ್ದು ಕುರ್ಚಿಗೆ ಕೂತರು. ನೊರೆ ಹಚ್ಚಿ, ಹೆಬ್ಬೆರಳಲ್ಲಿ ಕೆನ್ನೆ ಎಳೆದು ಶುರು ಮಾಡಿದೆ. ಒಂದು ಸಲ "ಒಸಿ ಹಗುರ" ಅಂದರು. ಆಮೇಲೆ ಏನೂ ಹೇಳಿಕೊಡಲಿಲ್ಲ. ಮುಗಿಯುವ ಹೊತ್ತಿಗೆ ಕಣ್ಣು ಮುಚ್ಚಿಕೊಂಡೇ ಅಂದರು, "ಊರೋರ ಮುಖವೆಲ್ಲ ನನ್ ಕೈಲೇ ಆಗಿತ್ತು ಕಣವ್ವ. ಆ ಊರಿಂದ ಒಬ್ರು ಬಂದು ನನ್ ಮುಖಾನ..." ನಾನು ಬಿಸಿನೀರಲ್ಲಿ ಟವೆಲ್ ಹಿಂಡಿ ಮುಖ ಒರೆಸಿದೆ.

ಮನೆಗೆ ಬಂದು ನಿಮ್ಮ ಮಗನಿಗೆ ಹೇಳಿದೆ. ಊಟ ಮುಗಿಸಿ ಎದ್ದರು. ಕೈ ತೊಳೆದು ಬಂದು, "ಬಸ್ಸಲ್ಲಿ ಯಾಕ್ ಒದ್ದಾಡ್ತೀಯಾ, ಭಾನುವಾರ ಗಾಡೀಲಿ ನಾನೇ ಕರ್ಕಂಡೋಗ್ತೀನಿ. ಮುನಿಯಪ್ಪಣ್ಣನ್ನ ನಾನೂ ಮಾತಾಡಿಸ್ದಂಗಾಯ್ತದೆ" ಅಂದರು. ಹೌದು ಮಾವ, ಅವರ ಬಾಯಲ್ಲೇ ಬಂತು. ಇಷ್ಟು ವರ್ಷ ಬರೀ ಮುನಿಯಪ್ಪ ಅಂತಿದ್ದವರು, "ಮುನಿಯಪ್ಪಣ್ಣ" ಅಂದರು.